ಮುಂದೆ ಕಾರು, ಹಿಂದೆ ಕುರಿ

ಕೊಟ್ರಬಸಮ್ಮ ತವರಿಗೆ ಹೋಗಿ ಇಪ್ಪತ್ತಾರು ದಿನಗಳಾಗಿದ್ದವು. ಚೌಡಣ್ಣ ದಿನ ಎಣಿಸುವ ಮನುಷ್ಯನಲ್ಲ, ಕುರಿ ಎಣಿಸುವ ಮನುಷ್ಯ. ಕೂಡ್ಲಿಗಿಯಿಂದಾಚೆ ಅವನ ಹಟ್ಟಿಯಲ್ಲಿದ್ದದ್ದು ಎಪ್ಪತ್ತೆರಡು ಕುರಿ. ಆದರೆ ಹೆಂಡತಿ ಹೋದಂದಿನಿಂದ ಸಂಜೆ ಎಣಿಸಿದಾಗಲೆಲ್ಲ ಒಂದು ಕಡಿಮೆ ಬಂದಂತಾಗುತ್ತಿತ್ತು. ಮತ್ತೆ ಎಣಿಸಿದರೆ ಎಪ್ಪತ್ತೆರಡೂ ಇರುತ್ತಿದ್ದವು. ಆದರೂ ಕಡಿಮೆ ಅನ್ನಿಸುತ್ತಿತ್ತು. ಕಡಿಮೆಯಾದದ್ದು ಹಟ್ಟಿಯಲ್ಲಲ್ಲ, ಮನೆಯಲ್ಲಿ ಎಂದು ತಿಳಿಯಲು ಅವನಿಗೆ ಒಂದು ವಾರ ಹಿಡಿಯಿತು. ಚೌಡಣ್ಣನಿಗೆ ಯಾವುದೂ ಬೇಗ ತಿಳಿಯುವುದಿಲ್ಲ. ತಿಳಿದ ಮೇಲೆ ಬಿಡುವುದೂ ಇಲ್ಲ.

ಜಗಳಕ್ಕೆ ಕಾರಣ ಒಂದು ಟಗರು. ಅದರ ಹೆಸರು ಸಾಹುಕಾರ. ಹಗರಿಬೊಮ್ಮನಹಳ್ಳಿಯಲ್ಲಿ ಕೊಟ್ರಬಸಮ್ಮನ ಕಡೆಯವರ ಮದುವೆಯಿತ್ತು. ಹೋಗುವುದು ಹೇಗೂ ಹೋಗುತ್ತೇವೆ, ಸಂತೆಗೆ ನಾಲ್ಕು ಕುರಿಯನ್ನೂ ಹಾಕಿಕೊಂಡು ಹೋಗೋಣವೆಂದು ಚೌಡಣ್ಣ ಬಾಡಿಗೆಗೆ ಒಂದು ಲಗೇಜ್ ಗಾಡಿ ಹೇಳಿದ. ಮುಂದಿನ ಸೀಟಿನಲ್ಲಿ ಡ್ರೈವರ್ ಮತ್ತು ಡ್ರೈವರನ ಭಾವಮೈದುನ ಕುಳಿತರು. ಹಿಂದೆ ನಾಲ್ಕು ಕುರಿ, ಸಾಹುಕಾರ, ಚೌಡಣ್ಣ ಮತ್ತು ಹೊಸ ಇಳಕಲ್ ಸೀರೆಯುಟ್ಟ ಕೊಟ್ರಬಸಮ್ಮ. ಸಾಹುಕಾರನನ್ನು ಮಾರುವ ಉದ್ದೇಶವಿರಲಿಲ್ಲ. ಒಬ್ಬನೇ ಬಿಟ್ಟರೆ ಹಟ್ಟಿಯ ಬೇಲಿ ಮುರಿಯುತ್ತಾನೆಂದು ಕರೆತಂದದ್ದು. ಬೇಲಿ ಸಿಗದಿದ್ದುದರಿಂದ ಅವನು ದಾರಿಯುದ್ದಕ್ಕೂ ಸೀರೆಯ ಸೆರಗನ್ನು ಗೇಣುದ್ದ ತಿಂದು ಮುಗಿಸಿದ.

ಮದುವೆ ಮಂಟಪದಲ್ಲಿ ಕೊಟ್ರಬಸಮ್ಮ ಕುಳಿತ ಸಾಲಿನಿಂದ ಹೆಂಗಸರು ಕುರಿಯ ವಾಸನೆಗೆ ಒಬ್ಬೊಬ್ಬರಾಗಿ ಎದ್ದು ಬೇರೆ ಸಾಲಿಗೆ ಹೋದರು. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಅವಳು ತಿರುಗಿಸಿ ಅನ್ನುತ್ತಿದ್ದಳು. ಊಟ ಮಾಡದೆ ಹೊರಗೆ ಬಂದವಳು ಚಪ್ಪರದ ಕಂಬ ಹಿಡಿದು ಹೇಳಿದಳು:

"ಮೈಲಾರಲಿಂಗನ ಆಣಿ, ಕುರಿ ಏರಿದ ಗಾಡಿ ನಾ ಇನ್ನ ಏರಂಗಿಲ್ಲ. ಕಾರ್ ತಗಂಡು ಬರ್ರಿ, ನಿಮ್ಮ ಮನಿಗೆ ಬರ್ತೀನಿ."

ಚೌಡಣ್ಣ ಸುಮ್ಮನಿರಬಹುದಿತ್ತು. ಆದರೆ ಸುತ್ತ ಬೀಗರಿದ್ದರು.

"ಕುರಿ ಹತ್ತದ ಗಾಡಿ ನನ್ನ ಹಟ್ಟಿಗೆ ಬರಂಗಿಲ್ಲ. ಅದೂ ಮೈಲಾರಲಿಂಗನ ಆಣಿನ!"

ಒಂದೇ ದೇವರ ಮೇಲೆ, ಒಂದೇ ಚಪ್ಪರದಲ್ಲಿ, ಗಂಡ ಹೆಂಡತಿ ಹೀಗೆ ಎದುರುಬದುರು ಆಣೆ ಇಟ್ಟರೆ ದೇವರಾದರೂ ಏನು ಮಾಡಬೇಕು? ಕೊಟ್ರಬಸಮ್ಮ ತಾಯಿ ಮಾಳಮ್ಮನ ಜೊತೆ ತವರೂರು ಚಿಗಟೇರಿಯ ಬಸ್ಸು ಹತ್ತಿದಳು.

ಆಮೇಲೆ ಚೌಡಣ್ಣ ದಿನಾ ಫೋನ್ ಮಾಡಿದ. ಅವಳು ದಿನಾ ಎತ್ತಿದಳು. ಎತ್ತಿ ಒಂದು ಮಾತೂ ಆಡುತ್ತಿರಲಿಲ್ಲ. ಚೌಡಣ್ಣನೂ ಆಡುತ್ತಿರಲಿಲ್ಲ. ಅತ್ತಲಿಂದ ಕೋಳಿ ಕೆದರುವುದು, ಮಾಳಮ್ಮ ರೊಟ್ಟಿ ಬಡಿಯುವುದು, ಹರಪನಹಳ್ಳಿ ಬಸ್ಸಿನ ಹಾರ್ನು ಎಲ್ಲ ಕೇಳಿಸುತ್ತಿತ್ತು. ಇತ್ತಲಿಂದ ಸಾಹುಕಾರ ಒದರುವುದು ಅವಳಿಗೆ ಕೇಳಿಸುತ್ತಿತ್ತು. ಐದು ನಿಮಿಷ ಹೀಗೆ ಮಾತನಾಡಿ ಇಬ್ಬರೂ ಫೋನ್ ಇಡುತ್ತಿದ್ದರು.

ಇಂಥ ದಿನಗಳಲ್ಲಿ ಚೌಡಣ್ಣ ಕುರಿಗೆ ಜಂತಿನ ಔಷಧಿ ತರಲು ಕೂಡ್ಲಿಗಿಯ ದನದ ಆಸ್ಪತ್ರೆಗೆ ಹೋದ. ಅಲ್ಲಿಯ ಡಾಕ್ಟರ್ ಪ್ರವೀಣಕುಮಾರ್ ಸಾಹೇಬರಿಗೆ ಆಸ್ಟ್ರೇಲಿಯಾದ ಹುಚ್ಚು. ಬಂದವರಿಗೆಲ್ಲ ಔಷಧಿಗಿಂತ ಮೊದಲು ಮೊಬೈಲಿನಲ್ಲಿ ಆಸ್ಟ್ರೇಲಿಯಾದ ಕುರಿ ತೋರಿಸುತ್ತಿದ್ದರು.

"ನೋಡ್ರಿ ಚೌಡಣ್ಣ, ಉಣ್ಣಿ ಹೆಂಗೈತಿ! ಹಾಸಿಗಿ ಹಾಸಿದಂಗ!"

ಚೌಡಣ್ಣ ಉಣ್ಣೆ ನೋಡಲಿಲ್ಲ. ಕುರಿಗಳ ಹಿಂದೆ, ಬೇಲಿಯ ಪಕ್ಕದಲ್ಲಿ ಒಂದು ಹಳೆಯ ಗಾಡಿ ನಿಂತಿತ್ತು. ಮೂತಿ ಕಾರಿನದು. ದುಂಡನೆಯ ದೀಪ, ಹೊಳೆಯುವ ಬಂಪರು, ಇಬ್ಬರು ಅಂತಸ್ತಿನಿಂದ ಕೂರುವಂಥ ಸೀಟು. ಆದರೆ ಸೀಟಿನ ಹಿಂದೆ ಕಾರು ಮುಗಿದುಹೋಗಿತ್ತು. ಅಲ್ಲಿಂದಾಚೆ ತೆರೆದ ತೊಟ್ಟಿ. ಅದರಲ್ಲಿ ಮೂರು ಕುರಿ, ಒಂದು ನಾಯಿ. ಒಬ್ಬ ಮುದುಕ ಅದರ ಮೂತಿಯನ್ನು ಎತ್ತಿನ ಹಣೆ ಸವರಿದಂತೆ ಸವರುತ್ತಿದ್ದ.

"ಸಾಹೇಬ್ರ, ಇದೇನ್ರಿ? ಕಾರಿಗೆ ಏನಾತು?"

"ಏನೂ ಆಗಿಲ್ಲಪ, ಅದು ಇರೋದ ಹಂಗ. ಯೂಟ್ ಅಂತಾರ. ಒಬ್ಬ ರೈತನ ಹೆಂಡ್ತಿ ಕಾರ್ ಕಂಪನಿಗೆ ಕಾಗದ ಬರೆದ್ಲಂತ. ಭಾನುವಾರ ಮಳಿಯಾಗ ತೊಯ್ಯದಂಗ ಚರ್ಚಿಗೆ ಹೋಗಬೇಕು, ಸೋಮವಾರ ಅದರಾಗ ಹಂದಿ ಸಂತಿಗೆ ಒಯ್ಯಬೇಕು, ಅಂಥದೊಂದು ಗಾಡಿ ಮಾಡಿಕೊಡ್ರಿ ಅಂತ. ಅವರು ಮಾಡಿಕೊಟ್ರು. ತೊಂಬತ್ತು ವರ್ಷಾತು, ಇವತ್ತಿಗೂ ಅಲ್ಲಿ ಅದನ್ನ ಪೂಜಿ ಮಾಡೋದೊಂದು ಬಾಕಿ."

ಚೌಡಣ್ಣ ಔಷಧಿ ಮರೆತು ಹೊರಗೆ ಬಂದ. ಅಲ್ಲಿಯ ಹೆಂಡತಿ ಕಾಗದ ಬರೆದಳು, ಇಲ್ಲಿಯ ಹೆಂಡತಿ ತವರಿಗೆ ಹೋದಳು. ಇಬ್ಬರೂ ಕೇಳಿದ್ದು ಒಂದೇ. ಇದು ಅವನಿಗೆ ಅಲ್ಲೇ ಆಸ್ಪತ್ರೆಯ ಬೇವಿನ ಮರದ ಕೆಳಗೆ ಹೊಳೆಯಿತು. ಅವನ ಮಟ್ಟಿಗೆ ಅದು ಬಹಳ ಬೇಗ.

ಕೊಟ್ಟೂರಿನಲ್ಲಿ ವೆಲ್ಡಿಂಗ್ ಅಂಗಡಿಯ ರಾಮಾಂಜಿನಿ ಇದ್ದ. ಅವನ ಅಂಗಡಿಯ ಹಿಂದೆ ಒಂದು ಬಿಳಿ ಅಂಬಾಸಿಡರ್ ಹತ್ತು ವರ್ಷದಿಂದ ಜಾಲಿ ಗಿಡದಡಿ ನಿಂತಿತ್ತು. ಮುಂಭಾಗ ಗಟ್ಟಿ, ಹಿಂಭಾಗವನ್ನು ತುಕ್ಕು ತಿಂದಿತ್ತು. ಚೌಡಣ್ಣ ಎರಡು ಟಗರಿನ ಮರಿ ಕೊಡುತ್ತೇನೆಂದು ಒಪ್ಪಿಸಿದ.

"ಅಣ್ಣ, ಎಲ್ಲಾರೂ ಮುರಿದ ಗಾಡಿ ಕೂಡ್ಸಾಕ ಬರ್ತಾರ. ನೀ ಕೂಡಿದ್ದನ್ನ ಕೊಯ್ಯಿ ಅಂತಿ" ಎಂದ ರಾಮಾಂಜಿನಿ.

"ಕೊಯ್ಯೋದಲ್ಲೋ. ಆಸ್ಟ್ರೇಲಿಯಾ ಮಾಡೋದು."

ಹದಿನೈದು ದಿನ ರಾಮಾಂಜಿನಿ ಆಸ್ಟ್ರೇಲಿಯಾ ಮಾಡಿದ. ಎಂಜಿನ್ ಕೆಮ್ಮಿತು, ಉಗುಳಿತು, ಕೊನೆಗೆ ಒಪ್ಪಿಕೊಂಡಿತು. ಹಿಂದೆ ತಗಡಿನ ತೊಟ್ಟಿ ಕೂತಿತು. ಸೀಟಿನ ಬೆನ್ನಿಗೆ ತಗಡಿನ ಗೋಡೆ, ಗೋಡೆಯಲ್ಲಿ ಹಿಂದೆ ನೋಡಲು ಒಂದು ಕಿಂಡಿ. ಕಿಂಡಿಗೆ ಗಾಜು ಮಾತ್ರ ಹೊಸಪೇಟೆಯಿಂದ ಬರಬೇಕಿತ್ತು.

"ಸೋಮವಾರ ಬರ್ತೈತಿ. ಅಲ್ಲೀತನ ರೆಕ್ಸಿನ್ ಪರದೆ ಕಟ್ಟೀನಿ" ಎಂದ.

ಚೌಡಣ್ಣನಿಗೆ ಸೋಮವಾರದ ತನಕ ತಾಳ್ಮೆ ಇರಲಿಲ್ಲ. ಚಿಗಟೇರಿಗೆ ಫೋನ್ ಹಚ್ಚಿದ. ಅಂದು ಮಾಳಮ್ಮನೇ ಎತ್ತಿದಳು. ಅಳಿಯನಿಗೆ ತುಸು ಸೊಕ್ಕು ಬಂತು.

"ಅತ್ತಿ, ನಾಳಿ ಬರ್ತೀನಿ. ಆಸ್ಟ್ರೇಲಿಯಾದ ಗಾಡಿ ತಗಂಡು."

ಆಸ್ಟ್ರೇಲಿಯಾ *ಮಾದರಿಯ* ಗಾಡಿ ಎಂದಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು.

ಮುಂದಿನದೆಲ್ಲ ಚೌಡಣ್ಣನಿಗೆ ಆಮೇಲೆ ತಿಳಿದದ್ದು. ಮಾಳಮ್ಮ ಎಲೆ ಅಡಿಕೆ ತರುವ ನೆಪದಲ್ಲಿ ಗುರುಸಂಗಪ್ಪನವರ ಕಿರಾಣಿ ಅಂಗಡಿಗೆ ಹೋಗಿ, "ನನ್ನ ಅಳಿಯ ಆಸ್ಟ್ರೇಲಿಯಾದಿಂದ ಕಾರ್ ತರ್ಸ್ಯಾನ" ಎಂದಳು. ಗುರುಸಂಗಪ್ಪನವರು ಪಂಚಾಯಿತಿ ಮೆಂಬರು. ಯಾವ ಸಂಗತಿಯನ್ನೂ ಅದರ ಅಳತೆಯಲ್ಲಿ ಬಿಟ್ಟವರಲ್ಲ. ಕುರಿ ಕಾಯುವವನಿಗೆ ಆಸ್ಟ್ರೇಲಿಯಾದ ಕಾರು ಸುಮ್ಮನೆ ಬರುವುದಿಲ್ಲ, ಯಾರೋ ಕಳಿಸಿದ್ದಾರೆ ಎಂದು ಅವರು ತರ್ಕಿಸಿದರು. ಖಾತ್ರಿಗೆ ಪ್ರವೀಣಕುಮಾರ್ ಅವರಿಗೇ ಫೋನ್ ಮಾಡಿದರು.

"ಹೌದ್ರಿ, ಆಸ್ಟ್ರೇಲಿಯಾ ವಿಚಾರ ಚೌಡಣ್ಣಗ ನಾನ ತೋರಿಸಿದ್ದು. ಭಾಳ ಮನಸಿಗೆ ಹಚ್ಚಿಕೊಂಡಾನ" ಎಂದರು ಸಾಹೇಬರು, ನಿಜವನ್ನೇ.

ಸರ್ಕಾರವೇ ಒಪ್ಪಿಕೊಂಡಂತಾಯಿತು. ಸಂಜೆಗೆ ಊರಲ್ಲಿ ಆಸ್ಟ್ರೇಲಿಯಾದ ಉಣ್ಣೆ ಕಂಪನಿ ಬರುವುದು ಖಚಿತವಾಯಿತು. ಮರುದಿನ ಬೆಳಿಗ್ಗೆ, ಚೌಡಣ್ಣ ಗಾಡಿಗೆ ಸಾಹುಕಾರನನ್ನೂ, ಅತ್ತೆಗೆ ಕೊಡಲೆಂದು ಒಂದು ಕುರಿಯನ್ನೂ, ಅದರ ಮರಿಯನ್ನೂ ಹತ್ತಿಸುತ್ತಿದ್ದಾಗ ಗುರುಸಂಗಪ್ಪನವರ ಫೋನ್ ಬಂತು.

"ಚೌಡಣ್ಣ, ಎಷ್ಟು ಮಂದಿ ಬರಾಕ ಹತ್ತೀರಿ?"

ಇದೇನು ಹೊಸ ಮರ್ಯಾದೆ ಎಂದು ಚೌಡಣ್ಣನಿಗೆ ಸಂತೋಷವಾಯಿತು.

"ಮುಂದ ನಾನೊಬ್ಬನ್ರಿ. ಹಿಂದ ಮೂರು."

"ಹಿಂದಿನ ಸೀಟ್ ಅವರಿಗೇ ಬಿಟ್ಟೀಯಲ್ಲ, ಶಾಣ್ಯಾ ಅದಿ. ಊಟಕ್ಕ ಏನು ಮಾಡ್ಸಬೇಕಪ?"

"ಏನೂ ಖರ್ಚು ಮಾಡಬ್ಯಾಡ್ರಿ. ಹಸಿ ತಪ್ಪಲ, ಸೊಪ್ಪು ಇದ್ರ ಸಾಕು. ನೆನಸಿದ ಹುರಳಿಕಾಳು ಇಟ್ರ ಭಾಳ ಖುಷಿ."

"ನೋಡ್ದೇನು, ಆರೋಗ್ಯ ಕಾಪಾಡೋದು ಅಂದ್ರ ಹಿಂಗ!" ಎಂದು ಗುರುಸಂಗಪ್ಪನವರು ಪಕ್ಕದಲ್ಲಿದ್ದವರಿಗೆ ಹೇಳಿದ್ದು ಫೋನಿನಲ್ಲೇ ಕೇಳಿಸಿತು. ಚೌಡಣ್ಣನ ಕಣ್ಣು ತೇವವಾಯಿತು. ತನ್ನ ಕುರಿಗಳ ಮೇಲೆ ಚಿಗಟೇರಿಯವರಿಗೆ ಇಷ್ಟು ಪ್ರೀತಿ ಇದ್ದದ್ದು ಅವನಿಗೆ ಗೊತ್ತೇ ಇರಲಿಲ್ಲ.

ದಾರಿಯಲ್ಲಿ ಒಂದು ವಿಘ್ನ. ಕೊಟ್ಟೂರು ದಾಟಿದ ಮೇಲೆ ವಾಹನ ತಪಾಸಣೆಯ ಇನ್ಸ್‌ಪೆಕ್ಟರು ಕೈ ಅಡ್ಡ ಹಿಡಿದರು. ಕಾಗದ ನೋಡಿದರು, ಕಾಗದದಲ್ಲಿ ಕಾರು ಇತ್ತು. ಗಾಡಿಯ ಮುಂದೆ ನಿಂತು ನೋಡಿದರು, ಕಾರೇ. ಹಿಂದೆ ಹೋಗಿ ನೋಡಿದರು. ಬಹಳ ಹೊತ್ತು ಅಲ್ಲೇ ಇದ್ದರು.

"ಏನಪ್ಪಾ ಇದು?"

"ಯೂಟ್ ರೀ ಸರ."

"ನಮ್ಮ ಫಾರಮಿನಾಗ ಕಾರ್ ಐತಿ, ಲಾರಿ ಐತಿ, ಟ್ರಾಕ್ಟರ್ ಐತಿ. ಇದನ್ನ ಎಲ್ಲಿ ಬರೀಲಿ?"

ಚೌಡಣ್ಣ ಉತ್ತರ ಕೊಡುವ ಬದಲು ತಾನು ಎಲ್ಲಿಗೆ, ಯಾಕೆ ಹೊರಟಿದ್ದೇನೆಂದು ಹೇಳಿದ. ಆಣೆಯಿಂದ ಹಿಡಿದು ಆಸ್ಟ್ರೇಲಿಯಾದ ಹೆಂಗಸಿನ ಕಾಗದದವರೆಗೂ ಹೇಳಿದ. ಇನ್ಸ್‌ಪೆಕ್ಟರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಅವರ ಹೆಂಡತಿಯೂ ತವರಿನಲ್ಲಿದ್ದರೋ ಏನೋ, ತಿಳಿಯದು.

"ಎಂಟು ದಿನದಾಗ ಆಫೀಸಿಗೆ ತಂದು ತೋರ್ಸಿ, ಬದಲಾವಣಿ ಬರೆಸ್ಕೊಂಡು ಹೋಗಬೇಕು."

"ಅಲ್ಲೀತನ ಸರ?"

"ಅಲ್ಲೀತನ ನಾ ಮುಂದಷ್ಟ ನೋಡೀನಿ. ಹೋಗು."

ಚಿಗಟೇರಿಯ ಊರಬಾಗಿಲಲ್ಲಿ ತಳಿರು ಕಟ್ಟಿತ್ತು. ಬ್ಯಾಂಡಿನವರು ನಿಂತಿದ್ದರು. ಮೂರು ಕುರ್ಚಿಗೆ ಟವೆಲ್ ಹೊದಿಸಿ, ಮುಂದಿನ ಟೀಪಾಯಿಯ ಮೇಲೆ ಹುರುಳಿಕಾಳು ಮೊಳಕೆ ಕಟ್ಟಿ, ಸೌತೆಕಾಯಿ ಹೆಚ್ಚಿ, ಕೊತ್ತಂಬರಿ ಉದುರಿಸಿ ಇಟ್ಟಿದ್ದರು. ಗುರುಸಂಗಪ್ಪನವರ ಒಂದು ಕೈಯಲ್ಲಿ ಚೆಂಡುಹೂವಿನ ಹಾರ, ಇನ್ನೊಂದು ಕೈಯಲ್ಲಿ ಹನ್ನೊಂದು ಬೇಡಿಕೆಗಳ ಮನವಿಪತ್ರ. ಮಾಳಮ್ಮ ಆಣೆಯ ವಿಚಾರ ಬಗೆಹರಿಸಲು ಮೈಲಾರಲಿಂಗನ ಗೊರವಯ್ಯನನ್ನೂ ಕರೆಸಿದ್ದಳು. ಕರಿ ಕಂಬಳಿ ಹೊದ್ದು, ಡಮರುಗ ಹಿಡಿದು, ಆ ಮುದುಕ ಕಟ್ಟೆಯ ಮೇಲೆ ಕುಳಿತಿದ್ದ. ಪ್ರವೀಣಕುಮಾರ್ ಸಾಹೇಬರೂ ಬಂದಿದ್ದರು. ಆಸ್ಟ್ರೇಲಿಯಾದವರು ಬರುತ್ತಾರೆಂದು ಅವರಿಗೆ ಯಾರೋ ಹೇಳಿದ್ದರು.

ತಿರುವಿನಲ್ಲಿ ಮೊದಲು ಬಂದದ್ದು ಮೂತಿ. ಬೆಳ್ಳಗೆ, ಬಿಸಿಲಿಗೆ ಬಂಪರು ಹೊಳೆಯುತ್ತ, ದೊಡ್ಡಸ್ತಿಕೆಯಿಂದ. ಬ್ಯಾಂಡು ಮೊಳಗಿತು. ಗಾಡಿ ತಿರುವಿನಲ್ಲಿ ಪೂರ್ತಿ ತಿರುಗಿತು. ಬ್ಯಾಂಡು ನಿಂತಿತು. ಡೋಲಿನವನಿಗೆ ಮಾತ್ರ ಕಾಣಿಸಿರಲಿಲ್ಲ. ಅವನು ಇನ್ನೂ ನಾಲ್ಕು ಪೆಟ್ಟು ಹೊಡೆದು, ಒಬ್ಬನೇ ಆದದ್ದು ತಿಳಿದು, ಕೋಲನ್ನು ಬೆನ್ನ ಹಿಂದೆ ಬಚ್ಚಿಟ್ಟ.

ಗುರುಸಂಗಪ್ಪನವರು ಹಾರ ಹಿಡಿದು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಮಂದಿ ಎಲ್ಲಿ?"

"ಯಾವ ಮಂದಿ ರೀ?"

"ಹಿಂದ ಮೂರು ಅಂದ್ಯಲ್ಲೋ!"

"ಅದಾವಲ್ಲ ರೀ" ಎಂದು ಚೌಡಣ್ಣ ಹಿಂದೆ ತೋರಿಸಿದ.

ಸಾಹುಕಾರ ಕತ್ತು ಚಾಚಿ, ತನಗಾಗಿಯೇ ತಂದದ್ದೆಂದು ತಿಳಿದು, ಗುರುಸಂಗಪ್ಪನವರ ಕೈಯಲ್ಲಿದ್ದ ಹಾರವನ್ನು ತಿನ್ನತೊಡಗಿದ. ಹಾರ ಮುಗಿದ ಮೇಲೆ ಮನವಿಪತ್ರಕ್ಕೆ ಬಾಯಿ ಹಾಕಿ ಮೊದಲ ನಾಲ್ಕು ಬೇಡಿಕೆಗಳನ್ನು ಸ್ವೀಕರಿಸಿದ.

"ಊರ ಮರ್ಯಾದಿ ತಿಂದ್ಯಲ್ಲೋ!" ಎಂದು ಗುರುಸಂಗಪ್ಪನವರು ಕೂಗಿದ್ದು ಟಗರಿಗೋ ಚೌಡಣ್ಣನಿಗೋ ಸ್ಪಷ್ಟವಾಗಲಿಲ್ಲ. "ಆಸ್ಟ್ರೇಲಿಯಾ ಅಂತ! ಅರ್ಧ ಅಂಬಾಸಿಡರ್ ತಂದು ಆಸ್ಟ್ರೇಲಿಯಾ ಅಂತ!"

"ನಾ ನಿನ್ನಿ ಊರಿಗೆಲ್ಲ ಹೇಳ್ಕಂಡು ಬಂದೆನಲ್ಲೋ ಅಳಿಯ" ಎಂದು ಮಾಳಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. "ಉಳಿದರ್ಧ ಎಲ್ಲಿ ಬಿಟ್ಟು ಬಂದಿಯೋ?"

ಜನ ನಕ್ಕರು. ಆ ನಗು ಕಡಿಮೆಯಾಗುತ್ತ ಬಂದಾಗ ಚೌಡಣ್ಣ ಕೊಟ್ರಬಸಮ್ಮನನ್ನು ನೋಡಿದ. ಅವಳು ಊರಬಾಗಿಲ ಪಕ್ಕದಲ್ಲೇ ಇದ್ದ ತವರುಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಉಟ್ಟದ್ದು ಅದೇ ಇಳಕಲ್ ಸೀರೆ. ಟಗರು ತಿಂದಲ್ಲಿ ಬೇರೆ ಸೆರಗಿನ ತುಂಡು ಹಚ್ಚಿ ಹೊಲಿದಿದ್ದಳು. ಬಣ್ಣ ಕೂಡಿರಲಿಲ್ಲ, ಹೊಲಿಗೆ ಮಾತ್ರ ಅಚ್ಚುಕಟ್ಟಾಗಿತ್ತು. ತನ್ನ ಗಾಡಿಯೂ ಅಂಥದೇ ಎಂದು ಚೌಡಣ್ಣನಿಗೆ ಅನ್ನಿಸಿತು. ಅವನಿಗೆ ಧೈರ್ಯ ಬಂತು.

"ಆಸ್ಟ್ರೇಲಿಯಾದ ಗಾಡಿ ಅಂದದ್ದು ನನ್ನ ತಪ್ಪು. ಸೊಕ್ಕಿಗೆ ಅಂದೆ" ಎಂದ ಅವನು, ಊರಿಗಲ್ಲ, ಹೊಸ್ತಿಲಿಗೆ. "ಆದ್ರ ಗಾಡಿ ಯೋಚನಿ ಅಲ್ಲೀದ. ಅಲ್ಲಿ ಒಬ್ಬಾಕಿ ಕಾಗದ ಬರೆದ್ಲಂತ, ದೇವರ ಗುಡಿಗೆ ಹೋಗಾಕೂ ಆಗಬೇಕು, ಸಂತಿಗೆ ಹೋಗಾಕೂ ಆಗಬೇಕು ಅಂತ. ಅಕಿ ಗಂಡ ಕೇಳಿದ್ನೋ ಇಲ್ಲೋ, ಕಾರ್ ಕಂಪನಿಯವರು ಕೇಳಿದ್ರು. ನೀ ಕಾಗದ ಬರೀಲಿಲ್ಲ. ಸುಮ್ಮಕಿದ್ದಿ. ನಾ ಇಪ್ಪತ್ತಾರು ದಿನ ಕೇಳಿಸ್ಕಂಡೆ. ಮುಂದಿನ ಸೀಟು ನಿಂದು. ಅದರಾಗ ಕುರಿ ಏರಿಲ್ಲ, ಡ್ರೈವರನ ಭಾವಮೈದುನನೂ ಏರಂಗಿಲ್ಲ."

ಕೊಟ್ರಬಸಮ್ಮ ಹೊಸ್ತಿಲಿಳಿದು ಬಂದು ಗಾಡಿಯ ಮೂತಿಯ ಮೇಲೆ ಕೈಯಿಟ್ಟಳು. ಬಿಸಿಯಾಗಿತ್ತು, ಕೈ ತೆಗೆಯಲಿಲ್ಲ.

"ಆಣಿ ಐತಲ್ಲ" ಎಂದಳು. ಇಪ್ಪತ್ತಾರು ದಿನದಲ್ಲಿ ಮೊದಲ ಮಾತು.

ಎಲ್ಲರೂ ಗೊರವಯ್ಯನ ಕಡೆ ತಿರುಗಿದರು. ಅವನು ಎದ್ದು ಬಂದು ಗಾಡಿಯನ್ನು ಮುಂದೆ, ಹಿಂದೆ, ಬಗ್ಗಿ ಅಡಿಯಲ್ಲೂ ನೋಡಿದ. ತಗಡಿನ ಗೋಡೆಯನ್ನು ಬೆರಳಿನಿಂದ ಬಡಿದ. ಆಮೇಲೆ ಕೇಳಿದ:

"ಯವ್ವಾ, ನಿಮ್ಮ ಮನಿಯಾಗ ದನ ಎಲ್ಲಿ ಕಟ್ತೀರಿ?"

"ಒಳಗ, ಬಾಗಿಲ ಮಗ್ಗಲ. ನಾವು ಮ್ಯಾಲಿನ ಪಡಸಾಲ್ಯಾಗ."

"ಬಾಗಿಲ ಎಷ್ಟು?"

"ಒಂದ."

"ಒಂದ ಮಾಳಿಗಿ, ಒಂದ ಬಾಗಿಲ. ಹಂಗಾರ ದನದ ಕೊಟ್ಟಿಗ್ಯಾಗ ಮಲಗ್ತೀವಿ ಅಂತೀರೇನು? ನಡುವ ಕಟ್ಟಿ ಐತಿ, ಅದು ಕೊಟ್ಟಿಗಿ, ಇದು ಮನಿ. ಇಲ್ಲೂ ನಡುವ ಗೋಡಿ ಐತಿ. ಅದು ಹಟ್ಟಿ, ಇದು ಮನಿ. ಕುರಿ ಏರಿದ್ದು ಹಟ್ಟಿ. ನೀ ಏರೋದು ಮನಿ. ಇಬ್ಬರ ಆಣಿನೂ ಉಳೀತು." ಡಮರುಗ ಒಮ್ಮೆ ಆಡಿಸಿದ. "ಗೋಡಿ ಇರೋತನ."

ಆಸ್ಟ್ರೇಲಿಯಾ ತೊಂಬತ್ತು ವರ್ಷದ ಹಿಂದೆ ಕಂಡುಹಿಡಿದದ್ದು ಚಿಗಟೇರಿಯ ಪ್ರತಿ ಮನೆಯಲ್ಲೂ ಮೊದಲಿನಿಂದಲೇ ಇತ್ತೆಂದು ತಿಳಿದು ಜನಕ್ಕೆ ಬಹಳ ಹೆಮ್ಮೆಯಾಯಿತು. ಗುರುಸಂಗಪ್ಪನವರೂ ಹರಿದ ಮನವಿಪತ್ರವನ್ನು ಮಡಚಿ ಪ್ರವೀಣಕುಮಾರ್ ಅವರ ಕೈಗಿಟ್ಟರು. "ಉಣ್ಣಿ ಕಾರ್ಖಾನಿ ಹೋಗ್ಲಿ. ಏಳನೇದು ನೋಡ್ರಿ, ಕುರಿಗೆ ಲಸಿಕಿ ಹಾಕಾಕ ತಿಂಗಳಿಗೊಮ್ಮಿ ಊರಿಗೆ ಬರೋದು." ಬ್ಯಾಂಡಿನ ಎದುರು ಇಲ್ಲವೆನ್ನಲಾಗದೆ ಸಾಹೇಬರು ಅಲ್ಲೇ ಒಪ್ಪಿದರು.

ಮಾಳಮ್ಮ ಮಗಳಿಗೆ ಉಡಿ ತುಂಬಿದಳು, ತಲೆಗೆ ಮೊಳ ಮಲ್ಲಿಗೆ ಮುಡಿಸಿದಳು, ರೊಟ್ಟಿ ಬುತ್ತಿ ಕಟ್ಟಿದಳು. ಕುರಿ ಮತ್ತು ಮರಿ ಇಳಿದು ಮಾಳಮ್ಮನ ಮನೆ ಸೇರಿದವು. ಕೊಟ್ರಬಸಮ್ಮ ಮುಂದಿನ ಸೀಟಿನಲ್ಲಿ ಕುಳಿತಳು. ಬಾಗಿಲು ಹಾಕಿದಳು. ಕಾರಿನ ಬಾಗಿಲು ಹಾಕುವ ಶಬ್ದವನ್ನು ಅವಳು ಇನ್ನೊಮ್ಮೆ ಕೇಳಬೇಕೆಂದು ತೆಗೆದು ಮತ್ತೆ ಹಾಕಿದಳು.

ಆಗ ರೆಕ್ಸಿನ್ ಪರದೆ ಅಲುಗಿತು. ಅದನ್ನು ಸರಿಸಿ ಸಾಹುಕಾರ, ಕೊಂಬಿನ ಸಮೇತ, ಮೆಲ್ಲಗೆ ಮುಖವನ್ನು ಒಳಗೆ ತಂದು ಕೊಟ್ರಬಸಮ್ಮನ ಮುಡಿಯಿಂದ ಅರ್ಧ ಮಲ್ಲಿಗೆ ಎಳೆದುಕೊಂಡ.

ಹಟ್ಟಿ ಮನೆಯೊಳಗೆ ಬಂದಿತ್ತು. ಗೊರವಯ್ಯ ಡಮರುಗ ಎತ್ತಿದವನು ಹಾಗೇ ನಿಂತ. ಚೌಡಣ್ಣ ಸ್ಟಿಯರಿಂಗ್ ಹಿಡಿದು ಕಣ್ಣು ಮುಚ್ಚಿಕೊಂಡ. ಇನ್ನು ಇಪ್ಪತ್ತಾರು ದಿನವಲ್ಲ, ಇಪ್ಪತ್ತಾರು ವರ್ಷ ಎಂದುಕೊಂಡ.

ಅವನು ಮೊದಲು ಕೇಳಿದ್ದು ನಗು. ಅದು ಎಲ್ಲಿಂದ ಬಂತೆಂದು ತಿಳಿಯಲು ಕಣ್ಣು ತೆರೆಯಬೇಕಾಯಿತು. ಕೊಟ್ರಬಸಮ್ಮ ಸಾಹುಕಾರನ ಹಣೆಗೆ ಅಂಗೈ ಒತ್ತಿ ಹಿಂದಕ್ಕೆ ತಳ್ಳುತ್ತಿದ್ದಳು, ನಗುತ್ತಿದ್ದಳು.

"ಗಾಜು ಯಾವಾಗ ಬರ್ತೈತಿ ರೀ?"

"ಸೋ... ಸೋಮವಾರ."

"ಅಲ್ಲೀತನ ಗೋಡಿ ನಾನ" ಎಂದು ಪರದೆಯನ್ನು ಎಳೆದು ಕಿಂಡಿಗೆ ಅಡ್ಡಲಾಗಿ ಕೈಯಿಟ್ಟಳು. ಕಿಟಕಿಯಿಂದ ಗೊರವಯ್ಯನನ್ನು ಕೇಳಿದಳು: "ಆಗತೈತೇನಜ್ಜ?"

"ಆಗತೈತವ್ವ" ಎಂದ ಗೊರವಯ್ಯ, "ಕೈ ನೋಯಬಾರದಷ್ಟ."

ಕೊಟ್ಟೂರಿನ ಬಸ್ ಸ್ಟ್ಯಾಂಡಿನ ಮುಂದೆ ಚೌಡಣ್ಣ ಬೇಕೆಂತಲೇ ನಿಧಾನಕ್ಕೆ ಹೊಡೆದ. ಬಸ್ಸಿಗೆ ಕಾದ ಹೆಂಗಸರು ಮೊದಲು ಮುಂದೆ ನೋಡಿದರು, ಆಮೇಲೆ ಹಿಂದೆ, ಮತ್ತೆ ಮುಂದೆ. ಕೊಟ್ರಬಸಮ್ಮ ಬೆನ್ನು ನೆಟ್ಟಗೆ ಮಾಡಿ ಕುಳಿತಳು. ಅವಳ ಒಂದು ಕೈ ಕಿಂಡಿಯಲ್ಲಿತ್ತು. ಇನ್ನೊಂದು ಕೈ ಬುತ್ತಿಯಿಂದ ರೊಟ್ಟಿ ಮುರಿದು ಆ ಕೈಗೆ ಕೊಡುತ್ತಿತ್ತು, ಪರದೆಯ ಆಚೆ ಸಾಹುಕಾರ ಮೆಲ್ಲುತ್ತಿದ್ದ. ಚೌಡಣ್ಣ ನೋಡಿದ, ನೋಡದವನಂತೆ ಗೇರ್ ಬದಲಿಸಿದ.

ಸೋಮವಾರ ರಾಮಾಂಜಿನಿ ಗಾಜು ಹೊತ್ತು ಹಟ್ಟಿಗೇ ಬಂದ. ಆಗಲೇ ಚಿಗಟೇರಿಯ ಇಬ್ಬರು ಅಂಥದೇ ಗಾಡಿ ಬೇಕೆಂದು ಅವನನ್ನು ಕೇಳಿದ್ದರಂತೆ. ಅಳತೆ ಹಿಡಿದು, "ಗಟ್ಟಿ ಕೂಡ್ಸಿಬಿಡ್ತೀನಿ ಅಕ್ಕ, ಮೂಗು ಸೈತ ತೂರಬಾರದು" ಎಂದ.

ಕೊಟ್ರಬಸಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೊರಗೆ ಬಂದಳು.

"ಗಟ್ಟಿ ಬ್ಯಾಡಣ್ಣ. ಸರಿಸಾಕ ಬರೋ ಹಂಗ ಹಾಕು."

"ಯಾಕ?" ಎಂದ ಚೌಡಣ್ಣ.

ಅವಳು ಮತ್ತೆ ರೊಟ್ಟಿ ಬಡಿಯಲು ಒಳಗೆ ಹೋದಳು. ಈ ಸಲ ತಿಳಿಯಲು ಅವನಿಗೆ ವಾರ ಬೇಕಾಗಲಿಲ್ಲ.

ಆ ಸಂಜೆ ಹಟ್ಟಿಯ ಬಾಗಿಲಲ್ಲಿ ನಿಂತು ಚೌಡಣ್ಣ ಕುರಿ ಎಣಿಸಿದ. ರಾಮಾಂಜಿನಿಗೆ ಎರಡು ಹೋಗಿದ್ದವು, ಅತ್ತೆಗೆ ಎರಡು. ಅರವತ್ತೆಂಟೇ ಇದ್ದವು. ಎರಡನೆಯ ಸಲ ಎಣಿಸಬೇಕೆಂದು ಅವನಿಗೆ ಅನ್ನಿಸಲೇ ಇಲ್ಲ.